ಕಾಕಾರ ಕಡೆಯ ಗಾಡಿ

ಅವರು ಮೊದಲ ಸಲ ನನ್ನ ಬಾಗಿಲು ಬಡಿದಾಗ ಜಗಳಕ್ಕೇ ಬಂದಿದ್ದಾರೆ ಅಂದುಕೊಂಡಿದ್ದೆ. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಇಡೀ ಬಿಲ್ಡಿಂಗೇ ಮಲಗಿರುವ ಹೊತ್ತು. ನಾನು ಕಿಟಕಿ ತೆರೆದಿಟ್ಟುಕೊಂಡು ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಗೇಮ್ ಆಡುತ್ತಿದ್ದೆ. ಸ್ಪೀಕರಿನ ದನಿಯೂ ತುಸು ಜಾಸ್ತಿಯೇ ಇತ್ತು. ಬಾಗಿಲು ತೆರೆದರೆ ಕೆಳಗಿನ ಮನೆಯ ಹಿರಿಯರು. ಬಿಳಿ ಬನಿಯನ್ನು, ಚೌಕುಳಿ ಲುಂಗಿ, ಹೆಗಲ ಮೇಲೊಂದು ಟವೆಲ್ಲು. ಸೌಂಡ್ ಕಡಿಮೆ ಮಾಡುತ್ತೇನೆ ಎಂದು ಅವರು ಬಾಯಿ ಬಿಡುವ ಮೊದಲೇ ನಾನು ಹೇಳಿಬಿಟ್ಟೆ.

“ಸೌಂಡಿಗಲ್ಲ ಮಾರಾಯ್ತಿ ನಾನು ಬಂದದ್ದು. ಅಷ್ಟು ದೊಡ್ಡ ಇಳಿಜಾರಿನಲ್ಲಿ ಯಾರಾದ್ರೂ ಟಾಪ್ ಗೇರಿನಲ್ಲಿ ಇಳೀತಾರಾ? ಬ್ರೇಕ್ ಸುಟ್ಟು ಹೋಗ್ತದೆ. ಆಗಿನಿಂದ ಕೇಳ್ತಾ ಇದ್ದೇನೆ, ನಿದ್ದೆ ಹತ್ತುದಿಲ್ಲ.”

ಅದು ಆಟ, ಬ್ರೇಕ್ ಸುಟ್ಟರೆ ಯಾರಿಗೂ ನಷ್ಟವಿಲ್ಲ ಎಂದು ವಿವರಿಸಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ಸೀದಾ ಒಳಗೆ ಬಂದು, ಪರದೆಯ ಮುಂದೆ ನಿಂತು, ಮೇಜಿಗೆ ಕಚ್ಚಿಸಿದ್ದ ಸ್ಟಿಯರಿಂಗ್ ಚಕ್ರವನ್ನು ಕೈಯಿಂದ ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಪ್ಲಾಸ್ಟಿಕ್ಕಿನ ಆಟಿಕೆಯನ್ನು ದೇವರ ಹಾಗೆ ಮುಟ್ಟುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಗು ಬಂತು, ತಡೆದುಕೊಂಡೆ, ಚಹಾ ಇಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಊರಿನವರೆಲ್ಲ ಫೋನ್ ಮಾಡಿ ತಲೆ ತಿನ್ನುತ್ತಾರೆ, ಬೇಡವೇ ಬೇಡ ಎಂದು ಅವರ ಹೆಂಡತಿ ಕಾಕು ಖಡಾಖಂಡಿತವಾಗಿ ಹೇಳಿದ್ದಾರೆ. ನಮ್ಮ ಧಾರವಾಡದ ಕಡೆ ಹಿರಿಯರನ್ನು ಕರೆಯುವ ರೂಢಿಯಂತೆ ನನಗೆ ಅವರು ಕಾಕಾ, ಹೆಂಡತಿ ಕಾಕು, ಅಷ್ಟೇ. ಉಡುಪಿಯ ಕಡೆಯವರು. ಮುಂಬಯಿಯಿಂದ ಉಡುಪಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿ ಆಯುಷ್ಯ ಸವೆಸಿದವರು. ಗಂಡಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಮನೆಯಲ್ಲಿ ಅವರಿಬ್ಬರ ನಡುವೆ ತುಳು. ನಾನು ಹೋದ ಕೂಡಲೇ ನನ್ನ ಮರ್ಯಾದೆಗೆ ಕನ್ನಡ.

ನನ್ನದೂ ಎರಡು ಮಾತು ಹೇಳಬೇಕು. ಅಂಧೇರಿಯ ಒಂದು ಔಷಧಿ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಜೋಗೇಶ್ವರಿಯ ಈ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಒಬ್ಬಳೇ ಇರುತ್ತೇನೆ. ನಲವತ್ತು ದಾಟಿದ ಹೆಂಗಸಿಗೆ ಗೇಮಿನ ಹುಚ್ಚೇನು ಎಂದು ಆಫೀಸಿನಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ವಾರವಿಡೀ ಲೋಕಲ್ ರೈಲಿನಲ್ಲಿ ಇನ್ನೊಬ್ಬರ ಮೊಣಕೈ ತಿನ್ನುತ್ತಾ ನಿಂತೇ ಹೋಗುವವಳಿಗೆ ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಕೂತು ಹೋಗುವ ಆಸೆ ಆಗಬಾರದೇ? ಆ ಕಂಪ್ಯೂಟರನ್ನೂ ನಾನೇ ಜೋಡಿಸಿದ್ದು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಗೆ ಅಲೆದು, ಒಂದೊಂದೇ ಭಾಗ ತಂದು, ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಕೂಡಿಸಿದ್ದು. ಎಲ್ಲವೂ ಹೊಸದು, ಹಾರ್ಡ್ ಡಿಸ್ಕ್ ಒಂದನ್ನು ಬಿಟ್ಟು. ಅದು ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ಹಾಕಿದ್ದು.

ಆ ಭಾನುವಾರದಿಂದ ಕಾಕಾ ಬರತೊಡಗಿದರು. ಬರುವ ಮೊದಲು ಮೆಟ್ಟಿಲ ತಿರುವಿನಲ್ಲಿ ನಿಂತು “ಹೊರಡುದಾ?” ಎಂದು ಕೂಗುವರು. ಕುರ್ಚಿಯ ಬೆನ್ನಿಗೆ ಟವೆಲ್ಲು ಹಾಸಿ, ಲುಂಗಿ ಮೇಲೆ ಕಟ್ಟಿ, ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರೆ ಆಯಿತು, ರಾಜ. ಜಂಬಕ್ಕೇನೂ ಕಮ್ಮಿ ಇರಲಿಲ್ಲ. ತಾನು ಓಡಿಸುವಾಗ ಮೇಲಿನ ಬರ್ತಿನಲ್ಲಿ ಇಟ್ಟ ನೀರಿನ ಲೋಟ ತುಳುಕುತ್ತಿರಲಿಲ್ಲ ಎನ್ನುವರು. ಮದುವೆಯ ದಿಬ್ಬಣಗಳು ಬೇರೆ ಡ್ರೈವರ್ ಇದ್ದರೆ ಟಿಕೆಟ್ ವಾಪಸ್ ಮಾಡುತ್ತಿದ್ದವು ಎನ್ನುವರು. ಇಷ್ಟೆಲ್ಲ ಹೇಳಿದ ಮನುಷ್ಯ ನನ್ನ ಗೇಮಿನಲ್ಲಿ ಮೊದಲ ಟೋಲ್ ನಾಕಾದಲ್ಲೇ ಕಂಬಕ್ಕೆ ಗುದ್ದಿದರು. ಕಂಬವನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದಾರೆ ಎಂದು ವಾದಿಸಿದರು. ಎರಡನೆಯ ಟೋಲಿನಲ್ಲಿಯೂ ಗುದ್ದಿದ ಮೇಲೆ ಕುರ್ಚಿಯ ಟವೆಲ್ಲು ಸರಿಮಾಡಿಕೊಂಡರು.

ಕತೆ ಹೇಳುವಾಗ ಅವರ ಎಡಗೈ ತಾನಾಗಿ ಇಲ್ಲದ ಗೇರನ್ನು ಬದಲಿಸುತ್ತಿತ್ತು. ಏರಿಳಿತದ ದಾರಿಯ ಕತೆಯಾದರೆ ಕೈ ಜಾಸ್ತಿ ಓಡಾಡುವುದು. ಮಾತಾಡಿಸಿದರೆ ಬರೀ ಮುಖವಲ್ಲ, ಕತ್ತು ಹೆಗಲು ಎಲ್ಲವನ್ನೂ ಒಟ್ಟಿಗೇ ನಮ್ಮ ಕಡೆ ತಿರುಗಿಸುವರು. ಹಳೆಯ ಡ್ರೈವರನ ಗತ್ತು ಇದು ಅಂದುಕೊಂಡಿದ್ದೆ. ಪಕ್ಕದಲ್ಲಿ ಇಟ್ಟ ಚಹಾದ ಕಪ್ಪನ್ನು ಎರಡು ಸಲ ಬೀಳಿಸಿದ ಮೇಲೆ ಕಾಕು ನನ್ನನ್ನು ಕೆಳಗೆ ತಮ್ಮ ಅಡುಗೆಮನೆಗೆ ಕರೆದು ನಿಜ ಹೇಳಿದರು. ಕಣ್ಣಿನ ಒಳಗಿನ ಒತ್ತಡದ ರೋಗ, ಇಲ್ಲಿ ಎಲ್ಲರೂ ಕಾಚ್ ಬಿಂದು ಅನ್ನುವುದು. ಎರಡೂ ಪಕ್ಕಗಳಿಂದ ನೋಟ ಮುಚ್ಚುತ್ತಾ ಬರುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿ ಉಳಿದದ್ದನ್ನು ಉಳಿಸಿಕೊಳ್ಳುವುದು ಅಷ್ಟೇ, ಅದೂ ಎಷ್ಟು ಕಾಲವೋ ಎಂದು ಡಾಕ್ಟರು ಹೇಳಿದ್ದರಂತೆ.

ಬಸ್ಸು ಬಿಟ್ಟ ಕತೆಯನ್ನು ಮಾತ್ರ ಕಾಕಾ ಜಂಬವಿಲ್ಲದೆ ಹೇಳಿದರು. ಸಾಂತಾಕ್ರೂಜಿನಲ್ಲಿ ಜನ ಹತ್ತಿಸಿಕೊಂಡು ಗಾಡಿ ಹೊರಡಿಸುವಾಗ ಎಡಗಡೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಳಂತೆ. ಕ್ಲೀನರ್ ಕಿರುಚಿ ಬಾಗಿಲು ಬಡಿದದ್ದಕ್ಕೆ ನಿಲ್ಲಿಸಿದರು. ಏನೂ ಆಗಲಿಲ್ಲ. ಆದರೆ ಆ ಹೆಂಗಸು ಅವರಿಗೆ ಕಂಡಿರಲಿಲ್ಲ. ಆ ಟ್ರಿಪ್ಪನ್ನು ಜೊತೆಯ ಡ್ರೈವರನ ಕೈಗೆ ಕೊಟ್ಟು, ಅಲ್ಲೇ ಇಳಿದು, ಆಟೋ ಹಿಡಿದು ಮನೆಗೆ ಬಂದುಬಿಟ್ಟರು. ಮಾಲೀಕರು ಕರೆದರೂ ಮತ್ತೆ ಹೋಗಲಿಲ್ಲ. ಅದನ್ನು ಹೇಳುವಾಗ ಎಡಗೈ ತೊಡೆಯ ಮೇಲೆ ಸುಮ್ಮನೆ ಇತ್ತು.

ಆ ಗೇಮಿಗೆ ಜನ ತಮ್ಮ ತಮ್ಮ ಊರಿನ ರಸ್ತೆಗಳನ್ನು ತಾವೇ ತಯಾರಿಸಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚುತ್ತಾರೆ. ಯಾರೋ ಪುಣ್ಯಾತ್ಮರು ಮುಂಬಯಿಯಿಂದ ಉಡುಪಿಯವರೆಗಿನ ದಾರಿಯನ್ನು ಮಾಡಿಟ್ಟಿದ್ದರು. ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡದ ಬೈಪಾಸು, ಯಲ್ಲಾಪುರ, ಆಮೇಲೆ ಅರಬೈಲ್ ಘಾಟಿ ಇಳಿದು ಅಂಕೋಲೆ, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಉಡುಪಿ. ದೂರವನ್ನೆಲ್ಲ ಕುಗ್ಗಿಸಿರುತ್ತಾರೆ, ಒಂದು ಇಡೀ ರಾತ್ರಿಯ ದಾರಿ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಓಡಿಸಲು ಬಸ್ಸೂ ಇತ್ತು. ಅದನ್ನು ಹಾಕಿ ತೋರಿಸಿದ ದಿನ ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಒಂದೊಂದೇ ತಪ್ಪು ಹುಡುಕಿದರು: ಇಲ್ಲಿ ಚಹಾದಂಗಡಿ ಇರಬೇಕು, ಈ ಸೇತುವೆ ಇಷ್ಟು ಅಗಲ ಇಲ್ಲ, ಬೆಳಗಾವಿಯಲ್ಲಿ ತೆಂಗಿನಮರ ಯಾಕೆ. ಧಾರವಾಡದ ಬೈಪಾಸಿನಲ್ಲಿ ಬಸ್ಸು ನಿಧಾನ ಮಾಡಿ ನನ್ನ ಕಡೆ ಪೂರ್ತಿ ತಿರುಗಿ, ನಿಮ್ಮ ಊರು ಬಂತು, ಇಳೀತೀರಾ ಎಂದು ಕೇಳಿದರು. ಇಳಿದರೆ ನಿಮಗೆ ದಾರಿ ಹೇಳುವವರು ಯಾರು ಅಂದೆ.

ಆ ದಿನವೇ ಹೇಳಿದರು, ಕಣ್ಣು ಪೂರ್ತಿ ಹೋಗುವ ಮೊದಲು ಒಂದು ಸಲ ಈ ಬಸ್ಸನ್ನು ಉಡುಪಿಗೆ ಮುಟ್ಟಿಸಬೇಕು, ಗುದ್ದದೆ, ಯಾರನ್ನೂ ಕೂಗಿಸದೆ, ಹಗಲು ಬೆಳಕಿನಲ್ಲಿ. ಇಷ್ಟೂ ವರ್ಷ ರಾತ್ರಿ ಓಡಿಸಿ ಘಾಟಿಯನ್ನು ನಸುಬೆಳಕಿನಲ್ಲಿ ಮಾತ್ರ ಕಂಡವರು. ನನ್ನ ಹತ್ತಿರ ಬೇರೇನನ್ನೂ ಅವರು ಯಾವತ್ತೂ ಕೇಳಲಿಲ್ಲ.

ತೊಂದರೆ ಆದದ್ದು ಅರಬೈಲಿನಲ್ಲಿ. ಘಾಟಿಯ ಕಾಡು, ಬಂಡೆ, ತಿರುವು ಎಲ್ಲವನ್ನೂ ನನ್ನ ಹಳೆಯ ಡಿಸ್ಕು ಹುಡುಕಿ ತೆಗೆದು ಕೊಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿಬಿಟ್ಟಿರುತ್ತಿತ್ತು. ಮರಗಳು ಬರಲಿಲ್ಲ, ಆಮೇಲೆ ರಸ್ತೆಯೇ ಬರಲಿಲ್ಲ. ಪರದೆಯ ತುಂಬ ಬೂದು ಬಣ್ಣ. ಕಾಕಾ ಬ್ರೇಕ್ ಒತ್ತಿ ಹಾಗೇ ಕೂತರು. ನನಗೆ ಗೊತ್ತಿರುವ ತೊಂದರೆ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ ಎಂದು ನಾನು ಮೊಬೈಲು ನೋಡುತ್ತಾ ಇದ್ದೆ. ತಲೆಯೆತ್ತಿದರೆ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

“ನಿಮಗೆ ರಸ್ತೆ ಕಾಣ್ತದಾ?” ಎಂದರು, ಬಹಳ ಮೆಲ್ಲಗೆ.

“ಇಲ್ರೀ ಕಾಕಾ. ನನಗೂ ಕಾಣವಲ್ದು. ಅದು ಮಷಿನ್ನಿಂದು ತಪ್ಪು, ನಿಮ್ಮದಲ್ಲ.”

ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಣ್ಣು ಹೋಯಿತು ಅಂತಲೇ ಅಂದುಕೊಂಡೆ ಮಾರಾಯ್ತಿ ಎಂದು ಮತ್ತೆ ಮತ್ತೆ ಹೇಳಿದರು. ನನಗೆ ನಗು ಬರಲಿಲ್ಲ. ಪ್ರತಿ ಭಾನುವಾರ ಈ ಮನುಷ್ಯ ಇದೇ ಹೆದರಿಕೆಯಲ್ಲಿ ಕೂರಬೇಕೇ, ಮಷಿನ್ನಿನ ತಪ್ಪು ಯಾವುದು, ತನ್ನ ಕಣ್ಣಿನದು ಯಾವುದು ಎಂದು ತಿಳಿಯದೆ? ಆ ವಾರವೇ ಹಳೆಯ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ತರುವುದೆಂದು ತೀರ್ಮಾನಿಸಿದೆ.

ಅದೇನು ಎಂದು ಅವರಿಗೆ ಹೇಳಿ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಹಳೆಯ ಡಿಸ್ಕಿನ ಒಳಗೆ ಒಂದು ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡಿ ಹುಡುಕುತ್ತದೆ, ಅದಕ್ಕೇ ತಡ. ಹೊಸದರಲ್ಲಿ ತಿರುಗುವಂಥದ್ದು ಏನೂ ಇಲ್ಲ, ಕೇಳಿದ ಕ್ಷಣ ಕೊಡುತ್ತದೆ ಎಂದೆ. ಒಳಗೆ ಏನೂ ತಿರುಗದೆ ಗಾಡಿ ಓಡುದು ಹೇಗೆ ಎಂದು ಅವರ ಸಂಶಯ. ದಸರೆಯ ಹಿಂದಿನ ದಿನ ಲ್ಯಾಮಿಂಗ್ಟನ್ ರೋಡಿನಿಂದ ತಂದು ತೋರಿಸಿದಾಗ, ಬೆರಳಿನಷ್ಟು ಉದ್ದದ ಆ ಹಸಿರು ಪಟ್ಟಿಯನ್ನು ಅಂಗೈ ಮೇಲೆ ಇಟ್ಟುಕೊಂಡು, ಇಷ್ಟರೊಳಗೆ ಮುಂಬಯಿಯಿಂದ ಉಡುಪಿ ಹಿಡೀತದಾ ಎಂದು ಕೇಳಿದರು. ಕಣ್ಣಿನ ತೀರ ಹತ್ತಿರ ಹಿಡಿದು ಎರಡೂ ಬದಿ ನೋಡಿದರು. ಒಂದು ತುದಿಯಲ್ಲಿ ಸಾಲಾಗಿ ಹೊಳೆಯುವ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಇದು ಮುಖವಾ ಎಂದರು. ಹೂಂ, ಈ ಕಡೆಯಿಂದಲೇ ಒಳಗೆ ಹೋಗುವುದು ಎಂದೆ. ಅಲ್ಲೇ ನಾನು ಎಚ್ಚರ ಆಗಬೇಕಿತ್ತು.

ದಸರೆಯ ದಿನ ಹಾಕುವ ಎಂದು ಅವರೇ ಹೇಳಿದ್ದರು. ಬೀದಿಯಲ್ಲಿ ಆಟೋಗಳಿಗೆಲ್ಲ ಚೆಂಡುಹೂವಿನ ಮಾಲೆ, ಬೆಳಿಗ್ಗೆ ನೋಡಿದ ಲೋಕಲಿನ ಮೂತಿಗೂ ಹೂವು. ಕಾಕಾ ಸ್ನಾನ ಮಾಡಿ ಹೊಸ ಲುಂಗಿ ಉಟ್ಟು ಬಂದರು. ಗ್ಯಾರೇಜಿನ ರೂಢಿಯಂತೆ ನೆಲಕ್ಕೆ ಟವೆಲ್ಲು ಹಾಸಿ, ಬಿಚ್ಚಿದ ಸ್ಕ್ರೂಗಳನ್ನೆಲ್ಲ ಸ್ಟೀಲಿನ ಮುಚ್ಚಳದಲ್ಲಿ ಹಾಕಿಟ್ಟರು. ನಾನು ಕೈ ತೊಳೆದು ಚಹಾ ತರುವಷ್ಟರಲ್ಲಿ ಅವರು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ತೆಗೆದುಕೊಂಡು ಮದರ್‌ಬೋರ್ಡಿನ ಕಿಂಡಿಗೆ ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಎಳ್ಳಿನಷ್ಟು ಚಿಕ್ಕ ಸ್ಕ್ರೂ ಬಿಗಿದೆ. ಅವರು ಟಾರ್ಚು ಹಿಡಿದಿದ್ದರು. ಆ ಬೆಳಕು ಒಂದಿಷ್ಟೂ ಅಲುಗಲಿಲ್ಲ.

ಕಂಪ್ಯೂಟರು ಶುರುವಾಯಿತು, ಹೊಸ ಡ್ರೈವ್ ಮಾತ್ರ ಇಲ್ಲವೇ ಇಲ್ಲ. ಬಿಚ್ಚಿ ಮತ್ತೆ ಹಾಕಿದೆ, ಇಲ್ಲ. ಸೆಟ್ಟಿಂಗ್ ಎಲ್ಲ ತಡಕಾಡಿದೆ, ಇಲ್ಲ. ಅಂಗಡಿಗೆ ಫೋನ್ ಮಾಡಿದರೆ ಹಬ್ಬದ ದಿನ, ಎತ್ತುವವರಿಲ್ಲ. ಮಧ್ಯಾಹ್ನ ಕಳೆಯಿತು. ನನ್ನ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಅಂಗಡಿಯವನ ಏಳು ತಲೆಮಾರನ್ನು ಬೈಯುತ್ತಿದ್ದೆ. ಯಾವಾಗಲೂ ನಡುವೆ ಬಾಯಿ ಹಾಕುವ ಕಾಕಾ ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಆಗ ಕಾಕು ಪೂಜೆಯ ತಟ್ಟೆ ಹಿಡಿದು ಮೇಲೆ ಬಂದರು, ಕಂಪ್ಯೂಟರಿನ ಪೆಟ್ಟಿಗೆಗೆ ಹೂವು ಏರಿಸಲು. ಏರಿಸುತ್ತಾ ಸಹಜವಾಗಿ ಗಂಡನನ್ನು ಕೇಳಿದರು, ಕುಂಕುಮ ಆಗಲೇ ಹಚ್ಚಿ ಆಯ್ತಲ್ಲ, ಬೆಳಿಗ್ಗೆ ಪೇಪರಿನಲ್ಲಿ ಕಟ್ಟಿಕೊಂಡು ಹೋದ್ರಲ್ಲ ಎಂದು.

ಕಾಕಾ ನೆಲ ನೋಡಿದರು. ನಾನು ಪಟ್ಟಿಯನ್ನು ಹೊರಗೆ ಎಳೆದು ಮಗುಚಿದೆ. ಮೇಲಿನ ಬದಿ ಶುದ್ಧ. ಕೆಳಗಿನ ಬದಿಯ ಚಿನ್ನದ ಹಲ್ಲುಗಳ ಮೇಲೆ ಅರಿಸಿನ ಕುಂಕುಮ, ನೀರಲ್ಲಿ ಕಲಸಿ ಒತ್ತಿ ಹಚ್ಚಿದ್ದು. ನಾನು ಹಾಕಿ ತೆಗೆದು ಹಾಕಿ ತೆಗೆದು ಅದೆಲ್ಲ ಕಿಂಡಿಯ ಒಳಗೆ ಹೋಗಿ ಕೂತಿತ್ತು. ಹೊಸ ಗಾಡಿಗೆ ಕುಂಕುಮ ಹಚ್ಚುವುದು ಮುಖಕ್ಕೆ, ಇದರ ಮುಖ ಯಾವುದು ಎಂದು ಅವರು ನನ್ನನ್ನೇ ಕೇಳಿ ತಿಳಿದುಕೊಂಡಿದ್ದರು. ನಾನು ನೋಡಿದರೆ ನಗಬಹುದು ಎಂದು ಅಡಿಯಲ್ಲಿ ಹಚ್ಚಿದ್ದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ವಿದ್ಯುತ್ ಹರಿಯುವ ಜಾಗಕ್ಕೆ ಯಾರಾದರೂ ಕುಂಕುಮ ಹಚ್ಚುತ್ತಾರೇನ್ರೀ ಅಂದೆ. ಅವರು ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು:

“ಕುಂಕುಮ ಹಚ್ಚದೆ ನಾನು ಒಂದು ಟಯರು ಸಹ ಹಾಕಿಸಿದವನಲ್ಲ. ಇದು ನನ್ನ ಕಡೆಯ ಗಾಡಿ ಮಾರಾಯ್ತಿ. ಇದಕ್ಕೆ ಹಚ್ಚದೆ ಹೇಗೆ ಬಿಡುದು?”

ನನ್ನ ಸಿಟ್ಟು ಇಳಿದುಹೋಯಿತು. ಕಾಕು ಮೂಗೊರೆಸಿಕೊಂಡು ಅಡುಗೆಮನೆಗೆ ನಡೆದರು. ಹಲ್ಲುಗಳನ್ನು ಸ್ಪಿರಿಟ್ಟಿನಿಂದ ಒರೆಸಿ, ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹೊಳೆಯುವಂತೆ ಮಾಡಿದೆ. ಕಿಂಡಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಎಷ್ಟು ಉಜ್ಜಿದರೂ ಅದು ಬದುಕಲಿಲ್ಲ, ಇವತ್ತಿಗೂ ಕೆಲಸ ಮಾಡುವುದಿಲ್ಲ. ಪುಣ್ಯಕ್ಕೆ ಬೋರ್ಡಿನ ಕೆಳಗಡೆ ಇನ್ನೊಂದು ಕಿಂಡಿ ಇತ್ತು. ಅದಕ್ಕೆ ಹಾಕಿ ಶುರು ಮಾಡಿದೆ. ಡ್ರೈವಿನ ಹೆಸರು ಪರದೆಯ ಮೇಲೆ ಬಂದಾಗ ಕಾಕಾ ಎದ್ದು ನಿಂತುಬಿಟ್ಟರು. ಹಳೆಯ ಡಿಸ್ಕಿನಿಂದ ಹೊಸದಕ್ಕೆ ಇಡೀ ದಾರಿಯನ್ನು ಸಾಗಿಸುವಾಗ ಮೂವರೂ ಪರದೆ ನೋಡುತ್ತಾ ಕಾಕು ತಂದಿದ್ದ ಕಡುಬು ತಿಂದೆವು. ಉಳಿದ ಕುಂಕುಮವನ್ನು ನಾನೇ ಕಾಕಾರ ಕೈಯಿಂದ ಪೆಟ್ಟಿಗೆಯ ಹೊರಗಿನ ಗಾಜಿಗೆ ಹಚ್ಚಿಸಿದೆ.

ಈಗ ರಸ್ತೆ ತಡಮಾಡದೆ ಬರುತ್ತಿತ್ತು. ಅರಬೈಲಿನ ಕಾಡು ಎಲೆ ಎಲೆಯಾಗಿ, ಬಸ್ಸು ಮುಟ್ಟುವ ಎಷ್ಟೋ ಮೊದಲೇ ನಿಂತಿರುತ್ತಿತ್ತು. ಆದರೆ ಕಾಕಾ ಘಾಟಿ ಇಳಿಯಲು ಒಪ್ಪಲಿಲ್ಲ. ಭಾನುವಾರ ಭಾನುವಾರವೂ ಯಲ್ಲಾಪುರದವರೆಗೆ ಹೋಗಿ ಬಸ್ಸು ತಿರುಗಿಸುವುದು. ಕೇಳಿದರೆ ಇದು ಟ್ರಯಲ್, ಕೈ ಕೂಡಬೇಕು, ಸಣ್ಣದೊಂದು ಗುದ್ದೂ ಇಲ್ಲದ ದಿನ ಇಳಿಯುವ ಎನ್ನುವರು. ಗುದ್ದು ಕಡಿಮೆ ಆಗುವ ಬದಲು ಹೆಚ್ಚಾಗುತ್ತಿತ್ತು. ನಾನು ಅವಸರ ಮಾಡಿದರೆ ಬೇರೆ ಮಾತು ತೆಗೆಯುವರು. ಅವರಿಗೆ ಏನು ಹೆದರಿಕೆ ಎಂದು ನನಗೆ ಗೊತ್ತಿತ್ತು. ಇನ್ನು ರಸ್ತೆ ಕಾಣದೆ ಹೋದರೆ ತಪ್ಪು ಹೊರಿಸಲು ಮಷಿನ್ನು ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆಯೇ ಬಂದರು, ಈ ಸಲ ಕಾಕುವನ್ನೂ ಕರೆದುಕೊಂಡು. ಇವತ್ತು ಮುಟ್ಟಿಸುವ ಎಂದರು. ಕಾಕು ನೀರು ದೋಸೆಯ ಡಬ್ಬಿ ಕೆಳಗಿಟ್ಟು ಎಡಗಡೆ ಸ್ಟೂಲಿನ ಮೇಲೆ ಕೂತರು. ಅಲ್ಲಿ ಕೂತದ್ದೇ ಅವರಿಗೊಂದು ವಿಶೇಷ. ಡ್ರೈವರನ ಕ್ಯಾಬಿನ್ನಿನಲ್ಲಿ ಹೆಂಗಸರು ಕೂರಬಾರದು, ಅವನ ಹೆಂಡತಿಯಾದರೂ ಸೈ ಎಂದು ಬಸ್ಸಿನ ಮಾಲೀಕರ ಕಟ್ಟಳೆ. ಅದಕ್ಕೆ ಗಂಡ ಓಡಿಸುವ ಬಸ್ಸಿನಲ್ಲಿ ಕಾಕು ಊರಿಗೆ ಹೋಗಿದ್ದೆಲ್ಲ ಹಿಂದಿನ ಚಕ್ರದ ಮೇಲಿನ ಬರ್ತಿನಲ್ಲಿ, ಪರದೆ ಎಳೆದುಕೊಂಡು, ಮೂಗಿಗೆ ನಿಂಬೆಹಣ್ಣು ಹಿಡಿದು. ಅವರು ಸಂಸಾರ ಮಾಡಿದ್ದು ಬಸ್ಸಿನ ಜೊತೆ, ನನ್ನ ಜೊತೆ ಅಲ್ಲ ಎಂದು ಕಾಕು ನಗುತ್ತಲೇ ಎಷ್ಟೋ ಸಲ ಹೇಳಿದ್ದುಂಟು.

ಬೆಳಗಾವಿಯವರೆಗೆ ಒಂದೂ ಗುದ್ದಿಲ್ಲ. ಯಲ್ಲಾಪುರ ದಾಟಿತು. ಘಾಟಿಯ ಮೊದಲ ತಿರುವು, ಎರಡನೆಯದು, ಗೇರು ಇಳಿಸಿ ಎಷ್ಟು ಚೆಂದ ಇಳಿಸಿದರೆಂದರೆ ಮೇಲಿನ ಬರ್ತಿನಲ್ಲಿ ನೀರಿನ ಲೋಟ ಇಟ್ಟಿದ್ದರೂ ತುಳುಕುತ್ತಿರಲಿಲ್ಲ. ಆಮೇಲೆ ರಸ್ತೆ ನೇರ ಇರುವ ಜಾಗದಲ್ಲಿ ಬಸ್ಸು ನಿಂತಿತು. ಹ್ಯಾಂಡ್ ಬ್ರೇಕ್ ಹಾಕಿದರು. ಕತ್ತನ್ನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದರು, ಕನ್ನಡಕ ತೆಗೆದು ಲುಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಮಷಿನು ಪುನಃ ತಡ ಮಾಡ್ತಾ ಉಂಟು ಅಲ್ವಾ?” ಎಂದರು.

ಪರದೆಯ ಮೇಲೆ ಘಾಟಿ ನಿಚ್ಚಳವಾಗಿತ್ತು. ಹೂಂ ಎನ್ನಲು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕಾಕು ಮಾತಾಡಿದರು.

“ರಸ್ತೆ ಉಂಟು. ನಿಮಗೆ ಕಾಣುದಿಲ್ಲ.”

ಇಷ್ಟು ನೆಟ್ಟಗೆ ಹೇಳಬಾರದಿತ್ತು ಎಂದು ನನಗೆ ಸಿಟ್ಟೇ ಬಂತು. ಕಾಕಾ ಚಕ್ರದ ಮೇಲೆ ಎರಡೂ ಕೈಯಿಟ್ಟರು. ಆಮೇಲೆ ಹೆಂಡತಿಯ ಕಡೆ ಪೂರ್ತಿ ತಿರುಗಿದರು.

“ಹಾಗಾದ್ರೆ ನೀನು ಹೇಳು.”

ಕಾಕು ಹೇಳಿದರು. ಮೊದಮೊದಲು ತಡವರಿಸಿ, ಕೈ ಎತ್ತಿ ತೋರಿಸಿ. ತೋರಿಸಿದರೆ ಕಾಣದು ಎಂದು ನೆನಪಾಗಿ ಬಾಯಲ್ಲಿ. ಈಗ ಬಲಕ್ಕೆ, ಇನ್ನೂ ಬಲಕ್ಕೆ, ಸಾಕು. ಎಡಗಡೆ ಗೋಡೆ ಉಂಟು. ಎದುರಿಂದ ಒಂದು ಲಾರಿ, ಸ್ವಲ್ಪ ಬದಿಗೆ ಹಿಡಿಯಿರಿ. ಗೊತ್ತಿಲ್ಲದೆ ಇಬ್ಬರೂ ತುಳುವಿಗೆ ಹೊರಳಿದರು, ನನಗೆ ಪೂರ್ತಿ ಅರ್ಥವಾಗಲಿಲ್ಲ. ಬಸ್ಸು ಆಮೆಯ ಹಾಗೆ ಇಳಿಯಿತು, ಎರಡು ಕಡೆ ಗೋಡೆಗೆ ಉಜ್ಜಿತು, ಕಾಕಾ ಆ ಗುದ್ದುಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅಂಕೋಲೆ ದಾಟಿ ಒಮ್ಮೆಲೇ ಬಲಗಡೆ ನೀಲಿ ಸಮುದ್ರ ಬಂದಾಗ ಕಾಕು ದಾರಿ ಹೇಳುವುದನ್ನು ನಿಲ್ಲಿಸಿಬಿಟ್ಟರು. ಎಂತ ಆಯ್ತು ಎಂದು ಕಾಕಾ ಕೇಳಿದರು.

“ಇಷ್ಟು ಚೆಂದ ಇತ್ತಾ ಇದು? ಇಷ್ಟು ವರ್ಷ ನೀವು ಒಬ್ಬರೇ ನೋಡಿದ್ದಾ?”

ಕಾಕಾ ಎಡಗೈಯನ್ನು ಚಕ್ರದಿಂದ ತೆಗೆದು ಕಾಕುವಿನ ಕೈ ಹುಡುಕಿ ಹಿಡಿದುಕೊಂಡರು. ನಾನು ದೋಸೆ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಗ್ಯಾಸು ಹಚ್ಚದೆ ನಿಂತಿದ್ದೆ. ಉಡುಪಿ ಮುಟ್ಟುವಾಗ ಅಡುಗೆ ಕಟ್ಟೆಯ ಮೇಲಿನ ಬಿಸಿಲು ಸರಿದಿತ್ತು.

ಆಮೇಲೆ ಅವರು ಚಕ್ರದ ಮುಂದೆ ಕೂರಲಿಲ್ಲ. ಬರುವುದನ್ನು ಮಾತ್ರ ಬಿಡಲಿಲ್ಲ. ಗೋಡೆ ಹಿಡಿದು ಮೇಲೆ ಬಂದು, ಸ್ಟೂಲಿನ ಮೇಲೆ ಕೂತು, ನಾನು ಓಡಿಸುವಾಗ ಸದ್ದು ಕೇಳಿಯೇ ತಪ್ಪು ಹಿಡಿದು, ನನ್ನಂಥ ಡ್ರೈವರನನ್ನು ಮಾಲೀಕರು ಪುಣೆಯಲ್ಲೇ ಇಳಿಸುತ್ತಿದ್ದರು ಎಂದು ರೇಗಿಸುವರು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲಿಯೇ ಹೋಗಿದ್ದರು. ಕಾಕು ನನ್ನನ್ನು ಕರೆಯಲು ಬಂದಾಗ ನಾನು ಆಫೀಸಿಗೆಂದು ಒಂದು ಕಾಲಿಗೆ ಚಪ್ಪಲಿ ಹಾಕಿದ್ದೆ.

ನನ್ನ ಅಪ್ಪ ಹೋದಾಗಲೂ ನಾನು ಇಷ್ಟು ಹಂಬಲಿಸಲಿಲ್ಲ, ಇದನ್ನು ಹೇಳಲು ನಾಚಿಕೆಯೂ ಇಲ್ಲ. ಭಾನುವಾರ ಊಟವಾದ ಮೇಲೆ ಏನು ಮಾಡಬೇಕೋ ತಿಳಿಯುವುದಿಲ್ಲ. ಆ ದಾರಿಯನ್ನು ತೆರೆದರೆ ನಾನು ಕೂರುವ ಮೊದಲೇ ರಸ್ತೆ ಪೂರ್ತಿ ಸಿದ್ಧವಾಗಿ ನಿಂತಿರುತ್ತದೆ. ಅಷ್ಟು ಬೇಗ ಅದು ಬರುವುದು ನನಗೆ ಬೇಡವಾಗಿದೆ. ಯಲ್ಲಾಪುರದವರೆಗೆ ಹೋಗುತ್ತೇನೆ, ಮುಂದೆ ಮನಸ್ಸು ಬರುವುದಿಲ್ಲ, ಮುಚ್ಚಿಡುತ್ತೇನೆ.

ಹೋದ ತಿಂಗಳು ಕಾಕು ಮನೆ ಖಾಲಿ ಮಾಡಿದರು. ಬ್ರಹ್ಮಾವರದಲ್ಲಿ ತಂಗಿ ಇದ್ದಾರೆ, ಇನ್ನು ಅಲ್ಲೇ. ವಿಮಾನದ ಟಿಕೆಟ್ ಮಾಡಿಕೊಡುತ್ತೇನೆ ಎಂದರೆ ಕೇಳಲಿಲ್ಲ, ಬಸ್ಸೇ ಬೇಕು, ಅದೂ ಡ್ರೈವರನ ಬೆನ್ನಿಗೇ ಇರುವ ಮೊದಲ ಸೀಟು, ಎದುರಿನ ಗಾಜು ಕಾಣಬೇಕು. ಮಧ್ಯಾಹ್ನ ಜೋಗೇಶ್ವರಿಯ ಹೈವೇ ಪಕ್ಕ ನಾನೇ ಹತ್ತಿಸಿದೆ. ಬ್ಯಾಗುಗಳನ್ನು ಕಾಲಬುಡದಲ್ಲಿ ಇಟ್ಟು, ಮುಂದಿದ್ದ ಡ್ರೈವರನಿಗೆ ಹೇಳಿದೆ, ಇವರು ವಯಸ್ಸಾದವರು, ಬಸ್ಸು ಅರಬೈಲ್ ಘಾಟಿ ಮುಟ್ಟುವ ಹೊತ್ತಿಗೆ ದಯವಿಟ್ಟು ಒಮ್ಮೆ ಎಬ್ಬಿಸಿ ಎಂದು. ಆಗಲಿ ಎಂದು ಅವನು ತಲೆಯಾಡಿಸಿದ.

ಕಾಕು ಸೆರಗು ಬಿಗಿದುಕೊಂಡು ನೆಟ್ಟಗೆ ಕೂತರು.

“ಎಬ್ಬಿಸುದು ಬೇಡ,” ಎಂದರು. “ನಾನು ಮಲಗುದಿಲ್ಲ.”